ಬೆಂಗಳೂರಿನ ಹವ್ಯಾಸಿ ಕಾಲ್ಚೆಂಡಾಟ ಹಾಗೂ ಲೀಗು ಪದ್ಧತಿ

ನಮ್ಮ ಭಾಗದಲ್ಲಿ ಆಟವೆಂದರೆ ಜಾತ್ರೆ, ಜಾತ್ರೆಯೆಂದರೆ ಆಟ. ತೇರು ಎಳೆದ ಮರುದಿನ ಕುಸ್ತಿ, ಅದರ ಮರುದಿನ ಕಬಡ್ಡಿ. ಈಚೆಗೆ ವ್ಹಾಲಿಬಾಲ್, ಕ್ರಿಕೆಟ್‌ಗಳೂ ಬಂದು ಸೇರಿವೆ. ಶರಣೆ ನೀಲಾಂಬಿಕೆಯ ಐಕ್ಯಸ್ಥಳವೆಂದು ಹೆಸರಾದ ಕೃಷ್ಣಾತೀರದ ನಮ್ಮ ತಂಗಡಗಿಯಾಗಲಿ, ಇಂಡಿ, ಸಿಂದಗಿ, ಬಾಗೇವಾಡಿಗಳ ಹಳ್ಳಿಗಳಾಗಲಿ, ಪಂದ್ಯದ ರೀತಿ ಒಂದೇ. ಹತ್ತಾರು ಊರುಗಳ ತಂಡಗಳು ಮುಂಜಾನೆ ಬಂದಿಳಿಯುತ್ತವೆ. ಸೋತ ತಂಡ ಊಟ ಮಾಡಿಕೊಂಡು ಊರಿಗೆ ಮರಳುತ್ತದೆ. ಉಳಿದವರಲ್ಲಿ ಕೊನೆಗೆ ಗೆದ್ದವರಿಗೆ ಪಾರಿತೋಷಕ, ಹಾರ, ಮೆರವಣಿಗೆ. ಅಲ್ಲಿಗೆ ಆ ವರ್ಷದ ಆಟ ಮುಗಿಯಿತು.

ಈ ರೀತಿಯಲ್ಲಿ ಉತ್ಸಾಹಕ್ಕೇನೂ ಕೊರತೆಯಿಲ್ಲ. ಆದರೆ ಇಷ್ಟು ಉತ್ಸಾಹವಿದ್ದೂ ನಮ್ಮ ಊರುಗಳ ಆಟಗಾರರು ಇಪ್ಪತ್ತೆರಡು, ಇಪ್ಪತ್ತಮೂರನೆಯ ವಯಸ್ಸಿಗೇ ಅಂಗಳ ಬಿಟ್ಟು ಹೋಗುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಬೆಂಗಳೂರಿನ ಕಾಲ್ಚೆಂಡಾಟದ ಚರಿತ್ರೆಯ ಕಡೆಗೆ ಹೊರಳಿದೆನು. ಕಾಲ್ಚೆಂಡಾಟ ನಮ್ಮ ಜಿಲ್ಲೆಯ ಮುಖ್ಯ ಆಟವಲ್ಲವೆಂಬುದು ನಿಜ. ಆದರೂ ಬಡವರ ಆಟವೊಂದು ಒಂದು ಪಟ್ಟಣದಲ್ಲಿ ಹೇಗೆ ಬೇರುಬಿಟ್ಟಿತು, ಯಾವ ಆಸರೆಯಿಂದ ಬೆಳೆಯಿತು, ಆ ಆಸರೆ ಸಡಿಲಿದಾಗ ಏನಾಯಿತು ಎಂಬುದನ್ನು ತಿಳಿಯಲು ಕರ್ನಾಟಕದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣಲಿಲ್ಲ.

ಮೊದಲು 'ಲೀಗು' ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ಪಂದ್ಯಾವಳಿಗಳಲ್ಲಿ ಎರಡು ಮುಖ್ಯ ಪದ್ಧತಿಗಳುಂಟು. ಒಂದು, ಸೋತವರು ಹೊರಬೀಳುವ ಪದ್ಧತಿ. ನಮ್ಮ ಜಾತ್ರೆಯದು ಇದೇ. ಇನ್ನೊಂದು, ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ಆಡುವ ಪದ್ಧತಿ. ಇದಕ್ಕೇ ಲೀಗು ಎಂದು ಹೆಸರು. ಎಂಟು ತಂಡಗಳಿವೆಯೆಂದು ಇಟ್ಟುಕೊಳ್ಳಿರಿ. ಮೊದಲಿನ ಪದ್ಧತಿಯಲ್ಲಿ ಒಟ್ಟು 7 ಪಂದ್ಯಗಳು ನಡೆಯುತ್ತವೆ. ನಾಲ್ಕು ತಂಡಗಳು ಒಂದೊಂದೇ ಪಂದ್ಯವಾಡಿ ಮನೆಗೆ ಹೋಗುತ್ತವೆ. ಲೀಗಿನಲ್ಲಿ ಒಬ್ಬರೊಡನೊಬ್ಬರು ಒಂದೊಂದು ಸಲ ಆಡಿದರೂ 28 ಪಂದ್ಯಗಳಾಗುತ್ತವೆ. ಅತ್ಯಂತ ದುರ್ಬಲ ತಂಡಕ್ಕೂ ಏಳು ಪಂದ್ಯಗಳು ಸಿಗುತ್ತವೆ. ತಮ್ಮ ಅಂಗಳದಲ್ಲೊಮ್ಮೆ, ಎದುರಾಳಿಯ ಅಂಗಳದಲ್ಲೊಮ್ಮೆ ಆಡಿದರೆ ಅದರ ಎರಡರಷ್ಟು. ಗೆಲುವಿಗೆ ಇಷ್ಟು, ಸಮಕ್ಕೆ ಇಷ್ಟು ಎಂದು ಅಂಕಗಳನ್ನು ಕೊಟ್ಟು, ಋತುವಿನ ಕೊನೆಗೆ ಕೂಡಿಸಿ ನೋಡುತ್ತಾರೆ. ಬಹುಕಾಲ ಗೆಲುವಿಗೆ ಎರಡು ಅಂಕಗಳಿದ್ದವು; ಇಂಗ್ಲೆಂಡಿನಲ್ಲಿ 1981ರಿಂದ ಮೂರಾದವು.

ಈ ಲೆಕ್ಕದಲ್ಲಿ ಒಂದು ದೊಡ್ಡ ತತ್ತ್ವ ಅಡಗಿದೆ. ಸೋತವರು ಹೊರಬೀಳುವ ಪಂದ್ಯ ಸಮರ್ಥರನ್ನು ಆರಿಸುತ್ತದೆ. ಲೀಗು ಸಮರ್ಥರನ್ನು ತಯಾರಿಸುತ್ತದೆ. ಇಂದು ಸೋತವನಿಗೆ ಬರುವ ರವಿವಾರ ಮತ್ತೊಂದು ಪಂದ್ಯವಿರುವುದರಿಂದ ಅವನು ನಡುವಿನ ಆರು ದಿನ ಸಂಜೆ ಅಂಗಳಕ್ಕೆ ಬರುತ್ತಾನೆ. ಆಟ ಕಲಿಯುವುದು ಈ ಆರು ಸಂಜೆಗಳಲ್ಲಿ.

ಲೀಗು ಪದ್ಧತಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1888ರಲ್ಲಿ ಹನ್ನೆರಡು ಸಂಘಗಳು ಕೂಡಿ ಫುಟ್‌ಬಾಲ್ ಲೀಗನ್ನು ಕಟ್ಟಿದವು. ಮರುವರ್ಷ, 1889ರಲ್ಲಿ, ಆ ದೇಶದ ಈಶಾನ್ಯ ಮೂಲೆಯಲ್ಲಿ 'ನಾರ್ದರ್ನ್ ಲೀಗು' ಎಂಬ ಪ್ರಾದೇಶಿಕ ಲೀಗು ಆರಂಭವಾಯಿತು. ಅದು ಕಲ್ಲಿದ್ದಲ ಗಣಿಗಳ ನಾಡು. ಬಿಷಪ್ ಆಕ್ಲೆಂಡ್, ಕ್ರುಕ್, ವೆಸ್ಟ್ ಆಕ್ಲೆಂಡ್ ಮೊದಲಾದ ಸಣ್ಣ ಊರುಗಳ ಜನ ವಾರವೆಲ್ಲ ದುಡಿದು ಶನಿವಾರ ಮಧ್ಯಾಹ್ನ ಆಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಈ ಲೀಗು ಸಂಪೂರ್ಣವಾಗಿ ಹವ್ಯಾಸಿಗಳದಾಯಿತು. ಇದರ ಕೀರ್ತಿ ಸಾಮಾನ್ಯವಾದುದಲ್ಲ. 1909ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಸರ್ ಥಾಮಸ್ ಲಿಪ್ಟನ್ ಹೆಸರಿನ ಪಾರಿತೋಷಕವನ್ನು ಗೆದ್ದದ್ದು ವೆಸ್ಟ್ ಆಕ್ಲೆಂಡಿನ ಗಣಿಕಾರ್ಮಿಕರ ತಂಡ. 1911ರಲ್ಲಿ ಮತ್ತೆ ಹೋಗಿ, ಯುವೆಂಟಸ್ ತಂಡವನ್ನು 6-1 ಗೋಲುಗಳಿಂದ ಸೋಲಿಸಿ, ಅದನ್ನು ಕಾಯಂ ಆಗಿ ತಂದರು. ಆದರೆ ಪ್ರವಾಸದ ಖರ್ಚು ಮೈಮೇಲೆ ಬಂದು, ಆ ಪಾರಿತೋಷಕವನ್ನೇ ಊರಿನ ಹೋಟೆಲಿನ ಒಡತಿಯಲ್ಲಿ ಒತ್ತೆಯಿಡಬೇಕಾಯಿತು! ಊರಿನವರು ಹಣ ಕೂಡಿಸಿ ಅದನ್ನು ಬಿಡಿಸಿಕೊಂಡದ್ದು ಬಹುಕಾಲದ ಮೇಲೆ, 1960ರಲ್ಲಿ. ಮುಂದೆ 1954ರಲ್ಲಿ ಹವ್ಯಾಸಿಗಳ ಕಪ್ಪಿಗಾಗಿ ಕ್ರುಕ್ ಹಾಗೂ ಬಿಷಪ್ ಆಕ್ಲೆಂಡ್ ತಂಡಗಳು ಸೆಣಸಿದಾಗ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಒಂದು ಲಕ್ಷ ಪ್ರೇಕ್ಷಕರು ನೆರೆದಿದ್ದರು.

ಇಲ್ಲಿ 'ಹವ್ಯಾಸಿ' ಎಂಬ ಶಬ್ದವನ್ನು ಸ್ವಲ್ಪ ಪರೀಕ್ಷಿಸಬೇಕು. ಆಟಕ್ಕಾಗಿ ಹಣ ಪಡೆಯದವನೇ ಹವ್ಯಾಸಿ ಎಂಬುದು ಅದರ ವ್ಯಾಖ್ಯೆ. ಇಂಗ್ಲೆಂಡಿನಲ್ಲಿ 1885ರಲ್ಲಿಯೇ ಹಣ ಪಡೆದು ಆಡುವುದಕ್ಕೆ ಸಮ್ಮತಿ ದೊರೆತಿತ್ತು. ಆದರೂ ಹಣ ಮುಟ್ಟದಿರುವುದೇ ಉಚ್ಚವೆಂಬ ಭಾವನೆ ಉಳಿಯಿತು. 1905ರಲ್ಲಿ ಲಂಡನ್ ಸುತ್ತಿನ ಆರು ಸಂಘಗಳು ಕಟ್ಟಿದ ಇಸ್ತ್‌ಮಿಯನ್ ಲೀಗಿನ ಧ್ಯೇಯವಾಕ್ಯದ ತಾತ್ಪರ್ಯ 'ಗೌರವವೇ ಸಾಕು' ಎಂಬುದಾಗಿತ್ತು. ಗೆದ್ದವರಿಗೆ ಕಪ್ಪಾಗಲಿ ಪದಕವಾಗಲಿ ಮೊದಲು ಇರಲಿಲ್ಲ. ಆದರ್ಶವೇನೋ ಸುಂದರವಾದುದು. ಆದರೆ ಗೌರವವೇ ಸಾಕೆನ್ನಬೇಕಾದರೆ ಮನೆಯ ಹಗೇವಿನಲ್ಲಿ ಜೋಳವಿರಬೇಕು. ಶನಿವಾರದ ಕೂಲಿ ಕಳೆದುಕೊಂಡು ಆಡುವ ಗಣಿಕಾರ್ಮಿಕನಿಗೆ ಆ ಮಾತು ಎಷ್ಟು ದಿನ ಸಾಕಾದೀತು? ಆದ್ದರಿಂದ ಹವ್ಯಾಸಿ ಆಟಗಾರರ ಬೂಟುಗಳಲ್ಲಿ ಗುಟ್ಟಾಗಿ ಹಣವಿಡುವ ಪರಿಪಾಠ ಅಲ್ಲಿ ಬೆಳೆಯಿತು. ಕಡೆಗೆ 1974ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನೇ ತೆಗೆದುಹಾಕಿತು. ಹವ್ಯಾಸಿಗಳ ಕಪ್ಪೂ ಆ ವರ್ಷಕ್ಕೆ ನಿಂತಿತು. ನಾರ್ದರ್ನ್ ಲೀಗು ಮಾತ್ರ ಉಳಿಯಿತು. ಆಟಗಾರರ ಹೆಸರು ಬದಲಾದರೂ ಲೀಗಿನ ಕಟ್ಟು ಬದಲಾಗಲಿಲ್ಲವೆಂಬುದನ್ನು ಗಮನಿಸಬೇಕು.

ಇನ್ನು ನಮ್ಮ ದೇಶಕ್ಕೆ ಬರೋಣ. ಕಾಲ್ಚೆಂಡಾಟ ಇಲ್ಲಿಗೆ ಬಂದದ್ದು ಆಂಗ್ಲರ ದಂಡಿನೊಡನೆ. 1888ರಲ್ಲಿ ಸಿಮ್ಲಾದಲ್ಲಿ ಡ್ಯುರಾಂಡ್ ಕಪ್ಪು, 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್ಪು ಆರಂಭವಾದಾಗ ಅವು ಮುಖ್ಯವಾಗಿ ಗೋರಾ ಪಲ್ಟಣಗಳ ಪಂದ್ಯಗಳಾಗಿದ್ದವು. ಕಲಕತ್ತೆಯಲ್ಲಿ 1898ರಲ್ಲಿಯೇ ಲೀಗು ಪ್ರಾರಂಭವಾಯಿತು. ಆ ನಗರ ಮುಂದೆ ಭಾರತದ ಕಾಲ್ಚೆಂಡಾಟಕ್ಕೆ ತವರೂರಾದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲಿ ದಂಡುಪ್ರದೇಶ ಸ್ಥಾಪನೆಯಾದದ್ದು 1809ರಲ್ಲಿ. ಸಿಪಾಯಿಗಳು ಆಡುವುದನ್ನು ಅಂಗಳದ ಅಂಚಿನಲ್ಲಿ ನಿಂತು ನೋಡಿದ ದಂಡಿನ ಸುತ್ತಲಿನ ಹುಡುಗರು ತಾವೂ ಆಡತೊಡಗಿದರು. ಬೂಟುಗಳಿಲ್ಲದ ಬರಿಗಾಲಿನ ಆಟ ಅದು. ಕ್ರಿಕೆಟ್ಟಿಗೆ ಬ್ಯಾಟು ಬೇಕು, ಟೆನ್ನಿಸ್ಸಿಗೆ ಬಲೆ ಬೇಕು. ಕಾಲ್ಚೆಂಡಾಟಕ್ಕೆ ಬೇಕಾದದ್ದು ಇಪ್ಪತ್ತೆರಡು ಜನರ ನಡುವೆ ಒಂದೇ ಒಂದು ಚೆಂಡು. ದುಡಿಯುವ ಜನರ ಕೇರಿಗಳಲ್ಲಿ ಅದು ಬೇಗ ಹಬ್ಬಿದ್ದು ಆಶ್ಚರ್ಯವಲ್ಲ.

ಇದರ ಫಲ 1937ರಲ್ಲಿ ನಾಡಿಗೆಲ್ಲ ಗೋಚರವಾಯಿತು. ಆ ವರ್ಷ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದಿತು. ಕಪ್ಪು ಆರಂಭವಾಗಿ ನಾಲ್ವತ್ತಾರು ವರ್ಷಗಳಾಗಿದ್ದರೂ ಅಲ್ಲಿಯವರೆಗೆ ಯಾವ ಭಾರತೀಯ ತಂಡವೂ ಅದನ್ನು ಗೆದ್ದಿರಲಿಲ್ಲ. ಮರುವರ್ಷ 1938ರಲ್ಲಿಯೂ ಅದೇ ತಂಡ ಗೆದ್ದು, ಮೊದಲಿನದು ಆಕಸ್ಮಿಕವಲ್ಲವೆಂದು ತೋರಿಸಿತು. ನಮ್ಮ ವಿಜಾಪುರ ಜಿಲ್ಲೆ ಆಗ ಮುಂಬಯಿ ಇಲಾಖೆಯಲ್ಲಿದ್ದಿತು. ಎಂದರೆ ಕನ್ನಡ ನಾಡಿನ ಇನ್ನೊಂದು ತುಂಡಿನ ಹುಡುಗರು ನಮ್ಮ ಅಂದಿನ ರಾಜಧಾನಿಗೆ ಬಂದು ಈ ಸಾಹಸವನ್ನು ಮಾಡಿದರು.

ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಪಂದ್ಯಾವಳಿ 1941ರಲ್ಲಿ ಆರಂಭವಾಯಿತು. ಮೈಸೂರು ತಂಡ ಅದನ್ನು 1946-47, 1952-53, 1967-68 ಹಾಗೂ 1968-69ರಲ್ಲಿ, ಹೀಗೆ ನಾಲ್ಕು ಸಲ ಗೆದ್ದಿತು. ಬಂಗಾಲದಂಥ ಪ್ರಬಲ ಪ್ರಾಂತದ ಎದುರಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಒಲಿಂಪಿಕ್ಸಿನ ಒಂದು ಸಂಗತಿಯನ್ನಂತೂ ಪ್ರತಿಯೊಬ್ಬ ಕನ್ನಡಿಗನೂ ನೆನಪಿನಲ್ಲಿಡಬೇಕು. ಸ್ವತಂತ್ರ ಭಾರತದ ಕಾಲ್ಚೆಂಡು ತಂಡ 1948ರ ಜುಲೈ 31ರಂದು ಲಂಡನ್ ಪಕ್ಕದ ಇಲ್ಫರ್ಡಿನಲ್ಲಿ ಫ್ರಾನ್ಸಿನ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಮೇಲೆ ಹೇಳಿದ ಇಸ್ತ್‌ಮಿಯನ್ ಲೀಗನ್ನು ಕಟ್ಟಿದ ಆರು ಸಂಘಗಳಲ್ಲಿ ಇಲ್ಫರ್ಡಿನದೂ ಒಂದು. ಹವ್ಯಾಸಿಗಳ ಊರಿನಲ್ಲಿಯೇ ನಮ್ಮ ಹವ್ಯಾಸಿಗಳು ಆಡಿದರೆನ್ನಬಹುದು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಅದನ್ನು ಸರಿಗಟ್ಟಿದವರು ಮೈಸೂರಿನ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್. ಒಲಿಂಪಿಕ್ಸಿನಲ್ಲಿ ಭಾರತದ ಪ್ರಥಮ ಗೋಲು ಅದು. ಆದರೆ ನಮಗೆ ದೊರೆತ ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಪಂದ್ಯ ಮುಗಿಯುತ್ತ ಬಂದಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ನಾಲ್ಕು ವರ್ಷಗಳ ನಂತರ, 1952ರಲ್ಲಿ, ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಹೀಗೆ ಭಾರತ ಮೊದಲ ಎರಡು ಒಲಿಂಪಿಕ್ಸುಗಳಲ್ಲಿ ಗಳಿಸಿದ ಎರಡೂ ಗೋಲುಗಳು ಈ ನಾಡಿನ ಆಟಗಾರರವೇ.

ಆ ಎರಡು ಒಲಿಂಪಿಕ್ಸುಗಳಲ್ಲಿಯೂ ಭಾರತಕ್ಕೆ ಸಿಕ್ಕಿದ್ದು ಒಂದೊಂದೇ ಪಂದ್ಯವೆಂಬುದನ್ನು ವಾಚಕರು ಲಕ್ಷಿಸಬೇಕು. ಸಾವಿರಾರು ಮೈಲಿ ದಾಟಿ ಹೋದವರು ತೊಂಬತ್ತು ನಿಮಿಷ ಆಡಿ ಮರಳಿ ಬಂದರು. ಸೋತವರು ಹೊರಬೀಳುವ ಪದ್ಧತಿಯ ಕಾಠಿಣ್ಯ ಇದು. ನಮ್ಮ ಜಾತ್ರೆಯ ಅಂಗಳದಲ್ಲಿ ಆಗುವುದೂ ಇದೇ. ದೂರ ಮಾತ್ರ ಕಡಿಮೆ.

ಅಹಮದ್ ಖಾನರ ಮುಂದಿನ ಜೀವನ ಇನ್ನೊಂದು ಪಾಠವನ್ನು ಕಲಿಸುತ್ತದೆ. ಅವರು ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿ ಸುಮಾರು ಹತ್ತು ವರ್ಷ ಅಲ್ಲಿಯೇ ಆಡಿದರು. ಆ ಸಂಘದ ಐವರು ಮುನ್ನಡೆಯ ಆಟಗಾರರನ್ನು ಬಂಗಾಲದ ಜನ 'ಪಂಚಪಾಂಡವರು' ಎಂದು ಕರೆಯುತ್ತಿದ್ದರು. ಅವರಲ್ಲಿ ಅಹಮದ್ ಖಾನ್ ಹಾಗೂ ಧನರಾಜ್ ಇಬ್ಬರೂ ಮೈಸೂರು ತಂಡದಲ್ಲಿ ಆಡಿ ಬೆಳೆದವರು. 1949, 1950, 1951, ಹೀಗೆ ಸತತ ಮೂರು ವರ್ಷ ಐಎಫ್ಎ ಢಾಲನ್ನು ಗೆದ್ದ ತಂಡ ಅದು. ಬೆಂಗಳೂರು ಬೆಳೆಸಿದ ಬೆಳೆಯನ್ನು ಕಲಕತ್ತೆ ಕೊಯ್ದುಕೊಂಡಿತೆಂದು ಕೆಲವರು ಹೇಳುವರು. ನಾನು ಕಲಕತ್ತೆಯನ್ನು ದೂರುವುದಿಲ್ಲ. ಅಲ್ಲಿ ತಿಂಗಳುಗಟ್ಟಲೆ ನಡೆಯುವ ಲೀಗು ಇತ್ತು, ಲೀಗಿಗೆ ಪ್ರೇಕ್ಷಕರಿದ್ದರು, ಆಟಗಾರನ ಊಟ ವಸತಿಯ ಚಿಂತೆಯನ್ನು ವಹಿಸಿಕೊಳ್ಳುವ ಸಂಘಗಳಿದ್ದವು. ಆಟಗಾರ ಅತ್ತ ಹೋಗುವುದು ನೀರು ತಗ್ಗಿಗೆ ಹರಿದಷ್ಟೇ ಸಹಜ.

ಹಾಗಾದರೆ ಎಲ್ಲರೂ ಹೋಗಿಬಿಡಲಿಲ್ಲವೇಕೆ? ಈ ಪ್ರಶ್ನೆಗೆ ಉತ್ತರ ಬೆಂಗಳೂರಿನ ಕಾರಖಾನೆಗಳಲ್ಲಿದೆ. 1940ರಲ್ಲಿ ಹಿಂದುಸ್ಥಾನ್ ವಿಮಾನ ಕಾರಖಾನೆ, 1948ರಲ್ಲಿ ದೂರವಾಣಿ ಯಂತ್ರಗಳ ಐಟಿಐ ಕಾರಖಾನೆ, 1964ರಲ್ಲಿ ಬಿಇಎಂಎಲ್, ಹೀಗೆ ಒಂದರ ಹಿಂದೊಂದು ದೊಡ್ಡ ಉದ್ಯಮಗಳು ತಲೆಯೆತ್ತಿದವು. ಇವು ಯಂತ್ರಗಳ ಜೊತೆಗೆ ಆಟದ ತಂಡಗಳನ್ನೂ ಕಟ್ಟಿದವು. ಚೆನ್ನಾಗಿ ಆಡುವ ಹುಡುಗನಿಗೆ ಕಾರಖಾನೆಯಲ್ಲಿ ನೌಕರಿ ಸಿಗುತ್ತಿತ್ತು. ಹಗಲು ಕೆಲಸ, ಸಂಜೆ ಅಭ್ಯಾಸ, ತಿಂಗಳ ಮೊದಲಿಗೆ ಪಗಾರ. ಎಂಇಜಿ, ಎಎಸ್‌ಸಿ ಎಂಬ ಸೈನ್ಯದ ತಂಡಗಳು, ರಕ್ಷಣಾ ಸಂಶೋಧನೆಯ ಎಲ್‌ಆರ್‌ಡಿಇ ತಂಡ, ಇವುಗಳ ಜೊತೆಗೆ ಕೇರಿಗಳ ಸಂಘಗಳು, ಎಲ್ಲವೂ ಬೆಂಗಳೂರಿನ ಲೀಗಿನಲ್ಲಿ ಆಡಿದವು. ಲೀಗಿನಲ್ಲಿ ಸೂಪರ್ ಡಿವಿಜನ್, ಎ ಡಿವಿಜನ್, ಬಿ ಡಿವಿಜನ್ ಎಂದು ಮೆಟ್ಟಿಲುಗಳಾದವು. ಮೇಲೆ ಬಂದವರು ಮುಂದಿನ ಮೆಟ್ಟಿಲಿಗೆ ಏರುವುದು, ತಳದಲ್ಲುಳಿದವರು ಇಳಿಯುವುದು. ಆದ್ದರಿಂದ ಕಪ್ಪು ಗೆಲ್ಲುವ ಆಸೆಯಿಲ್ಲದ ತಂಡಕ್ಕೂ ಕೊನೆಯ ಪಂದ್ಯದವರೆಗೆ ಕಾದಾಡಲು ಒಂದು ಕಾರಣವಿರುತ್ತಿತ್ತು.

ಈ ಆಟಗಾರರು ಹವ್ಯಾಸಿಗಳೋ ವೃತ್ತಿಪರರೋ? ಪುಸ್ತಕದ ವ್ಯಾಖ್ಯೆಯಂತೆ ಹವ್ಯಾಸಿಗಳು. ಏಕೆಂದರೆ ಅವರಿಗೆ ಪಗಾರ ಬರುತ್ತಿದ್ದುದು ಕೆಲಸಕ್ಕೆ, ಆಟಕ್ಕಲ್ಲ. ಆದರೆ ಆ ಕೆಲಸ ಸಿಕ್ಕಿದ್ದು ಆಟದಿಂದ. ಇಂಗ್ಲೆಂಡಿನಲ್ಲಿ ಬೂಟಿನೊಳಗೆ ಅಡಗಿಸಿ ಕೊಟ್ಟದ್ದನ್ನು ಬೆಂಗಳೂರಿನಲ್ಲಿ ನೇಮಕಾತಿಯ ಪತ್ರವಾಗಿ ಬಹಿರಂಗವಾಗಿ ಕೊಟ್ಟರು. ನನಗೆ ಇದು ಹೆಚ್ಚು ಮರ್ಯಾದೆಯ ಮಾರ್ಗವಾಗಿ ತೋರುತ್ತದೆ. ಕಾಯಕವೆಂಬ ಮಾತನ್ನು ಹನ್ನೆರಡನೆಯ ಶತಮಾನದಿಂದ ಕೇಳುತ್ತ ಬಂದ ನಾಡು ನಮ್ಮದು. ಕಾಯಕದ ಮೇಲೆ ನಿಂತ ಆಟಕ್ಕೆ ನಾಚಿಕೊಳ್ಳಬೇಕಾದುದೇನೂ ಇಲ್ಲ. ಮೂವತ್ತು ದಾಟಿ ಕಾಲು ಸೋತ ಮೇಲೂ ಆಟಗಾರನಿಗೆ ನೌಕರಿ ಉಳಿಯುತ್ತಿತ್ತು. ಮುಪ್ಪಿನಲ್ಲಿ ಪೆನ್ಶನ್ನೋ ಭವಿಷ್ಯನಿಧಿಯೋ ಕೈಗೆ ಬರುತ್ತಿತ್ತು. ಅಂಥವನನ್ನು ನೋಡಿ ಕೇರಿಯ ತಾಯಿಯೊಬ್ಬಳು ತನ್ನ ಮಗನನ್ನು ಅಂಗಳಕ್ಕೆ ಕಳಿಸಲು ಹೆದರುತ್ತಿರಲಿಲ್ಲ.

ಬೆಂಗಳೂರಿನ ಎರಡು ಬಡಾವಣೆಗಳನ್ನು ಇಲ್ಲಿ ಹೆಸರಿಸಲೇಬೇಕು. ಒಂದು ಆಸ್ಟಿನ್ ಟೌನ್. ಕನ್ನಡಕ್ಕೆ ನಿಘಂಟು ಮಾಡಿಕೊಟ್ಟ ಕಿಟ್ಟೆಲ್‌ರ ಹೆಸರನ್ನೂ ಹೊತ್ತಿರುವ ಈ ಬಡಾವಣೆ ಎಷ್ಟೋ ಆಟಗಾರರ ತವರು. ಇನ್ನೊಂದು ಹಲಸೂರಿನ ಬಳಿಯ ಗೌತಮಪುರ. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಪ್ರತಿಮೆಗಳ ಸಾಲಿನಲ್ಲಿ ಬ್ರೆಜಿಲಿನ ಕಾಲ್ಚೆಂಡಾಟಗಾರ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. 2022ರ ಡಿಸೆಂಬರಿನಲ್ಲಿ ಪೆಲೆ ತೀರಿಕೊಂಡಾಗ ಸಾವಿರಾರು ಮೈಲಿ ದೂರದ ಈ ಕೇರಿಯೂ ಕಣ್ಣೀರಿಟ್ಟಿತು. ಬಡತನದಿಂದ ಮೇಲೆ ಬಂದ ಆಟಗಾರನನ್ನು ಬಡವರ ಕೇರಿ ತನ್ನವನೆಂದು ಬಗೆಯಲು ಭಾಷೆಯಾಗಲಿ ದೇಶವಾಗಲಿ ಅಡ್ಡ ಬರುವುದಿಲ್ಲ.

ಕಾಲ ಕಳೆದಂತೆ ಈ ವ್ಯವಸ್ಥೆಯ ಆಸರೆ ಸಡಿಲಿತು. 1991ರ ಆರ್ಥಿಕ ಬದಲಾವಣೆಗಳ ತರುವಾಯ ಸರಕಾರಿ ಉದ್ಯಮಗಳಲ್ಲಿ ಹೊಸ ನೇಮಕಾತಿ ಇಳಿಮುಖವಾಯಿತು. ಆಟಗಾರರಿಗೆ ಮೀಸಲಾಗಿ ಸಿಗುತ್ತಿದ್ದ ನೌಕರಿಗಳು ಕಡಿಮೆಯಾದವು. ಎಚ್‌ಎಎಲ್ ತಂಡ 2010ರಿಂದ 2012ರವರೆಗೆ ಎರಡು ಋತು ದೇಶದ ಅಂದಿನ ಉನ್ನತ ಪಂದ್ಯಾವಳಿಯಾದ ಐ-ಲೀಗಿನಲ್ಲಿ ಆಡಿ, ಅನಂತರ ಕೆಳಗಿಳಿಯಿತು. ಅದರ ಮರುವರ್ಷ, 2013ರಲ್ಲಿ, ಬೆಂಗಳೂರು ಎಫ್‌ಸಿ ಎಂಬ ವೃತ್ತಿಪರ ಸಂಘ ಸ್ಥಾಪಿತವಾಗಿ ಮೊದಲ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ಸಂಘವಾಯಿತು. ಒಂದು ಯುಗ ಮುಗಿದು ಇನ್ನೊಂದು ಆರಂಭವಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ. ಹೊಸ ಯುಗವನ್ನು ನಾನು ಹಳಿಯುವುದಿಲ್ಲ. ಆಟಗಾರನ ಬೆವರಿಗೆ ನ್ಯಾಯವಾದ ಬೆಲೆ ಸಿಗುವುದು ಸಂತೋಷವೇ. ಆದರೆ ವೃತ್ತಿಪರ ಸಂಘಕ್ಕೆ ಬೇಕಾಗುವುದು ಇಪ್ಪತ್ತೈದು, ಮೂವತ್ತು ಜನ. ಕಾರಖಾನೆಗಳ ಲೀಗು ನೂರಾರು ಜನರಿಗೆ ಅನ್ನ ಹಾಗೂ ಅಂಗಳ ಎರಡನ್ನೂ ಕೊಟ್ಟಿತ್ತು.

2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮತ್ತೆ ಗೆದ್ದಿತು. 1968-69ರ ಗೆಲುವಿನಿಂದ ಲೆಕ್ಕ ಹಿಡಿದರೆ ಅರ್ಧ ಶತಮಾನಕ್ಕೂ ಹೆಚ್ಚಿನ ಕಾಯುವಿಕೆ. ರಾಜ್ಯಕ್ಕೆ 'ಕರ್ನಾಟಕ'ವೆಂಬ ಹೆಸರು ಬಂದದ್ದು 1973ರಲ್ಲಿ. ಆ ಹೆಸರಿನಲ್ಲಿ ಗೆದ್ದ ಮೊದಲ ಸಂತೋಷ್ ಟ್ರೋಫಿ ಇದು. ಬೀಜ ಸತ್ತಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಇಷ್ಟನ್ನು ತಿಳಿದ ಮೇಲೆ ಮೊದಲಿನ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ನಮ್ಮ ಊರುಗಳ ಆಟಗಾರ ಅಂಗಳ ಬಿಡುವುದಕ್ಕೆ ಎರಡು ಕಾರಣಗಳು. ಅವನಿಗೆ ವರ್ಷಕ್ಕೆ ಒಂದೆರಡೇ ಪಂದ್ಯಗಳು. ಮತ್ತು ಅವನ ಹೊಟ್ಟೆಗೆ ಊರಿನಲ್ಲಿ ಆಸರೆಯಿಲ್ಲ. ಮಳೆ ಕೈಕೊಟ್ಟ ವರ್ಷ ಕಬಡ್ಡಿ ತಂಡದ ಅರ್ಧ ಜನ ಗೋವೆ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗಿರುತ್ತಾರೆ. ಅವರಲ್ಲಿ ಆಟದ ಪ್ರೀತಿ ಕಡಿಮೆಯಾಯಿತೆಂದು ಉಪದೇಶ ಮಾಡುವುದು ಅನ್ಯಾಯ. ಪ್ರೀತಿಗೆ ಕೊರತೆಯಿಲ್ಲ, ಪ್ರೀತಿಯನ್ನು ಹೊತ್ತು ನಿಲ್ಲುವ ಕಂಬಗಳಿಲ್ಲ.

ಎರಡನೆಯ ಕೊರತೆಯನ್ನು ನೀಗುವುದು ವಿದ್ಯಾರ್ಥಿಗಳಾದ ನಮ್ಮ ಕೈಯಲ್ಲಿಲ್ಲ. ಅದು ಸರಕಾರದ, ಉದ್ಯಮಗಳ, ನೌಕರಿಯ ನೀತಿಯ ಪ್ರಶ್ನೆ. ಆದರೆ ಮೊದಲನೆಯದನ್ನು ನೀಗುವುದು ಅಸಾಧ್ಯವಲ್ಲ. ತಂಗಡಗಿ, ನಾಲತವಾಡ, ಢವಳಗಿ, ಮುದ್ದೇಬಿಹಾಳ, ತಾಳಿಕೋಟೆ, ನಿಡಗುಂದಿ, ಹೂವಿನಹಿಪ್ಪರಗಿ, ಬಸವನಬಾಗೇವಾಡಿ, ಈ ಎಂಟು ಊರುಗಳನ್ನೇ ತೆಗೆದುಕೊಳ್ಳಿರಿ. ಒಂದೊಂದು ರವಿವಾರ ನಾಲ್ಕು ಪಂದ್ಯಗಳಂತೆ ಏಳು ರವಿವಾರಗಳಲ್ಲಿ 28 ಪಂದ್ಯಗಳು ಮುಗಿಯುತ್ತವೆ. ನಮ್ಮದು ಎರೆ ನೆಲ. ಮಳೆಗಾಲದಲ್ಲಿ ಚೆಂಡು ಕೆಸರಿನಲ್ಲಿ ಹೂಳುತ್ತದೆ, ಬೇಸಿಗೆಯಲ್ಲಿ ಬಿರುಕಿನಲ್ಲಿ ಕಾಲು ಸಿಕ್ಕುತ್ತದೆ. ಆದ್ದರಿಂದ ಹಿಂಗಾರಿ ಬಿತ್ತಿಗೆ ಮುಗಿದು ಜೋಳದ ಸುಗ್ಗಿ ಬರುವವರೆಗಿನ ಚಳಿಗಾಲವೇ ತಕ್ಕ ಋತು. ಬೇಕಾದದ್ದು ಒಂದು ಚೆಂಡು, ಗೆರೆಗೆ ಸುಣ್ಣ, ಬಸ್ಸಿನ ಖರ್ಚು, ಎರಡೂ ಕಡೆಯವರು ಒಪ್ಪುವ ಒಬ್ಬ ರೆಫರಿ, ಮತ್ತು ಅಂಕಗಳನ್ನು ಪ್ರಾಮಾಣಿಕವಾಗಿ ಬರೆದಿಡುವ ಒಂದು ವಹಿ. ಆಟ ಕಾಲ್ಚೆಂಡೇ ಆಗಬೇಕೆಂದಿಲ್ಲ. ಕಬಡ್ಡಿಯಾದರೂ ಸರಿ, ಖೋ-ಖೋ ಆದರೂ ಸರಿ. ಪದ್ಧತಿ ಮುಖ್ಯ.

ಜಾತ್ರೆಯ ಪಂದ್ಯವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದರ ಸೊಗಸೇ ಬೇರೆ. ಆದರೆ ತೇರಿಗೆ ಒಂದು ದಿನದ ಹಗ್ಗ ಸಾಕು, ಬಾವಿಗೆ ದಿನವೂ ಹಗ್ಗ ಬೇಕು. ನಮ್ಮ ಕಾಲೇಜಿನ ವ್ಯಾಯಾಮ ವಿಭಾಗವೂ ವಿದ್ಯಾರ್ಥಿ ಸಂಘವೂ ನೆರೆಯ ಕಾಲೇಜುಗಳೊಡನೆ ಮಾತಾಡಿ ಬರುವ ವರ್ಷ ಇಂಥದೊಂದನ್ನು ಆರಂಭಿಸಲೆಂದು ಬಿನ್ನವಿಸುತ್ತೇನೆ. ಆಗ ನಾನು ಪದವಿ ಮುಗಿಸಿ ಹೊರಗೆ ಹೋಗಿರುತ್ತೇನೆ. ಅಂಕಗಳ ಪಟ್ಟಿಯಲ್ಲಿ ನಮ್ಮ ತಂಡ ಎಂಟನೆಯದಾಗಿದ್ದರೂ ಚಿಂತೆಯಿಲ್ಲ. ಅದು ಏಳು ಪಂದ್ಯಗಳನ್ನು ಆಡಿತೆಂದು ಮುಂದಿನ ಸಂಚಿಕೆಯಲ್ಲಿ ಓದುವಂತಾದರೆ ಸಾಕು.